ಒಲೆ ಹಾಕುತ್ತಿದ್ದ ಮಾದಮ್ಮ

ಒಲೆ ಹಾಕಲು ಬಂದ ಮಾದಮ್ಮ ಮೊದಲು ಮನೆಯ ಹೆಂಗಸನ್ನು ಅಳೆಯುತ್ತಿದ್ದರು. ಅಡುಗೆ ಮಾಡುವವಳನ್ನು ಕುಕ್ಕರಗಾಲಲ್ಲಿ ಕೂರಿಸಿ, ಮಂಡಿಯಿಂದ ನೆಲಕ್ಕೆ ಎಷ್ಟು ಗೇಣು, ಮೊಣಕೈಯಿಂದ ಮಂಡಿಗೆ ಎಷ್ಟು ಬೆರಳು ಎಂದು ನೋಡಿ, ಆಮೇಲೆ ಒಲೆಯ ಎತ್ತರ ಹೇಳುತ್ತಿದ್ದರು. ಅವರ ಕೇರಿಯ ಮನೆಗಳಲ್ಲಿ ಇದಕ್ಕೆ ಅವರ ಕೈಯೇ ಸಾಕಾಗುತ್ತಿತ್ತು. ನಮ್ಮಂಥ ಮನೆಗಳಲ್ಲಿ ಒಂದು ದಾರ ಬೇಕಾಗುತ್ತಿತ್ತು. ನನ್ನ ಅಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕೂತು ದಾರದ ಎರಡು ತುದಿಯನ್ನೂ ತಾನೇ ಹಿಡಿದುಕೊಳ್ಳುತ್ತಿದ್ದಳು. ಮಾದಮ್ಮ ಎರಡು ಮಾರು ದೂರದಲ್ಲಿ ನಿಂತು, "ಒಸಿ ಮ್ಯಾಕೆ. ಇನ್ನೊಸಿ. ಸಾಕು, ಅಲ್ಲಿಗೊಂದು ಗಂಟಾಕಿ ಅವ್ವಾರೆ" ಎನ್ನುತ್ತಿದ್ದರು. ಅಮ್ಮ ಗಂಟು ಹಾಕಿ ದಾರವನ್ನು ನೆಲದ ಮೇಲೆ ಬಿಡುತ್ತಿದ್ದಳು. ಅವರು ಎತ್ತಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಒಲೆ ಹಾಕುವ ಕ್ರಮವೇ ಹೀಗೆ ಎಂದುಕೊಂಡಿದ್ದೆ.

ಕೊತ್ತತ್ತಿಯಿಂದ ನಾಲೆಯ ಏರಿ ಹಿಡಿದು ಸ್ವಲ್ಪ ದೂರ ನಡೆದರೆ ನನ್ನ ತವರೂರು. ಮಾದಮ್ಮನ ಕೇರಿ ಊರಿನ ಆಚೆ ತುದಿಗೆ. ಎತ್ತರದ ಆಳು, ತೆಳ್ಳಗಿನ ಮೈ, ಹಿಮ್ಮಡಿಯ ಬಿರುಕುಗಳಲ್ಲಿ ಯಾವಾಗಲೂ ಕೆಂಪು ಮಣ್ಣು. ಸುತ್ತಲಿನ ನಾಲ್ಕಾರು ಹಳ್ಳಿಗಳಲ್ಲಿ, ಆತಗೂರಿನ ಕಡೆಯ ನೆಂಟರ ಮನೆಗಳಲ್ಲಿ ಕೂಡ, ಒಲೆ ಹಾಕಬೇಕೆಂದರೆ ಅವರಿಗೇ ಹೇಳಿ ಕಳಿಸುತ್ತಿದ್ದರು. ಹುತ್ತದ ಮಣ್ಣು, ನಾಲೆಯಲ್ಲಿ ಕೂತ ಗೋಡು ಮಣ್ಣು, ಕತ್ತರಿಸಿದ ಭತ್ತದ ಹುಲ್ಲು, ಬೂದಿ ಇಷ್ಟನ್ನು ಎರಡು ದಿನ ನೆನೆಸಿ ತುಳಿದು ಹದ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆದವರು. ಅಮ್ಮ "ಮಾದಿ" ಎನ್ನುತ್ತಿದ್ದಳು. ಓದಿಕೊಂಡವಳೆಂದು ನಾನು "ಮಾದಮ್ಮ" ಎನ್ನುತ್ತಿದ್ದೆ, ಆದರೆ "ಬಾ, ಹೋಗು" ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ. ತಡವಾಗಿ ಕೊಡುವ ಮರ್ಯಾದೆ ಎಷ್ಟು ಸುಲಭ ಎಂಬುದೂ ನನಗೆ ಗೊತ್ತಿದೆ.

ಒಲೆಯ ಬಗ್ಗೆ ಅವರು ಅದೊಂದು ಜೀವ ಎಂಬ ಹಾಗೆ ಮಾತಾಡುತ್ತಿದ್ದರು. ಸೌದೆ ಇಡುವ ಕಡೆ ಬಾಯಿ, ಹೊಗೆ ಹೋಗುವ ಕಡೆ ಮೂಗು. "ಬಾಯ್ ಕೊಟ್ಟು ಮೂಗ್ ಕೊಡ್ದಿದ್ರೆ ಯಾವ ಜೀವ ತಾನೆ ಬದುಕ್ತದೆ ಏಳಿ" ಎನ್ನುವುದು ಅವರ ಮಾತು. ಹೊಸ ಒಲೆ ಒಣಗಿದ ಮೇಲೆ ಮೊದಲ ಬೆಂಕಿ ಅವರೇ ಹಚ್ಚಬೇಕು. ಎರಡು ಹಿಪ್ಪುನೇರಳೆ ಕಡ್ಡಿ ಇಟ್ಟು ಹಚ್ಚಿ, ಒಲೆಯ ಬಾಯಿಯ ಪಕ್ಕಕ್ಕೆ ಕೆನ್ನೆ ತಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಗಾಳಿ ಒಳಕ್ಕೆ ಎಳೆಯುವುದು ಕೆನ್ನೆಗೆ ತಿಳಿಯಬೇಕಂತೆ. ತಿಳಿಯದಿದ್ದರೆ ಒಲೆ ಇಲ್ಲ. ಒಮ್ಮೆ ಊರಿನ ಛೇರ್ಮನ್ನರ ಹಿತ್ತಲಲ್ಲಿ ಹಾಕಿದ ಒಲೆ ಮೊದಲ ಬೆಂಕಿಗೆ ಹೊಗೆಯನ್ನು ಹಿಂದಕ್ಕೆ ಉಗುಳಿತು. "ಪರವಾಗಿಲ್ಲ ಬುಡು ಮಾದಿ, ಸುಮಾರಾಗದೆ" ಎಂದು ಆ ಮನೆಯಾಕೆ ಹೇಳುತ್ತಿದ್ದಂತೆಯೇ ಇವರು ಸೀರೆ ಎತ್ತಿಕಟ್ಟಿ ಒಲೆಯನ್ನು ಕಾಲಿನಿಂದ ತುಳಿದು ಒಡೆದುಬಿಟ್ಟರು. "ನನ್ನೆಸ್ರೇಳ್ಕಂಡು ನೀವು ಕೆಮ್ಮೋದ್ ಬ್ಯಾಡ" ಎಂದು ಮತ್ತೆ ಮಣ್ಣು ತುಳಿಯಲು ಹೋದರು.

ಅವರಿಗೆ ಕೆಟ್ಟ ಸಿಟ್ಟು ಬರುತ್ತಿದ್ದುದು ನಮ್ಮಂಥವರ ಅಡುಗೆಮನೆ ಒಲೆಗಳ ಬಗ್ಗೆ. ಅಲ್ಲಿಗೆ ಅವರು ಹೋಗುವಂತಿರಲಿಲ್ಲ. ಹಿತ್ತಲಲ್ಲಿ ಹಲಗೆಯ ಮೇಲೆ ಒಲೆ ಮಾಡಿಕೊಡಬೇಕು, ನಮ್ಮ ಗಂಡಸರು ಅದನ್ನು ಹೊತ್ತುಕೊಂಡು ಹೋಗಿ ಒಳಗೆ ಕೂರಿಸಬೇಕು. ಕೊಳವೆ ಎಲ್ಲಿ ಬಂತು, ಗಾಳಿ ಯಾವ ಕಡೆಯದು, ಒಂದೂ ಅವರಿಗೆ ಕಾಣುತ್ತಿರಲಿಲ್ಲ. ಹೀಗಾಗಿ ಕೇರಿಯ ಅಡುಗೆಮನೆಗಳಲ್ಲಿ ಹೊಗೆ ಇರಲಿಲ್ಲ, ನಮ್ಮಮ್ಮ ಮಾತ್ರ ಗ್ಯಾಸ್ ಬರುವ ತನಕ ಕಣ್ಣು ಒರೆಸಿಕೊಂಡೇ ಅಡುಗೆ ಮಾಡಿದಳು. ನಮ್ಮ ಮನೆಯಲ್ಲಿ ಸೊಗಸಾಗಿ ಉರಿಯುತ್ತಿದ್ದುದು ಹಿತ್ತಲ ಬಚ್ಚಲುಮನೆಯ ನೀರೊಲೆ ಒಂದೇ. ಅದನ್ನು ಮಾದಮ್ಮ ಕೂತು, ನಿಂತು, ಕೆನ್ನೆ ಕೊಟ್ಟು ಮಾಡಿದ್ದರು.

ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮದುವೆಯಾಗಿ ಮೂರು ವರ್ಷಕ್ಕೆ ಬಸುರಿಯಾಗಿ, ಬಾಣಂತನಕ್ಕೆ ತವರಿಗೆ ಬಂದೆ. ಹೆರಿಗೆಯ ದಿನ ಚಳಿಗಾಲದ ನಡುವಿಗೆ ಬಿದ್ದಿತ್ತು. ಅಷ್ಟರಲ್ಲಿ ಅಣ್ಣ ಶಿವಣ್ಣ ಹಿತ್ತಲ ಬಚ್ಚಲುಮನೆಯೊಂದನ್ನು ಬಿಟ್ಟು ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿದ್ದ. ಬಾಣಂತಿ ಕೋಣೆಗೆ ಹೊಸ ಬಣ್ಣ ಬಳಿಸಿದ್ದ. ಸಿಮೆಂಟಿನ ಕೋಣೆ ಬೆಳಗಿನ ಹೊತ್ತು ತಣ್ಣಗೆ ಕೊರೆಯುತ್ತಿತ್ತು. ಕೂಸಿಗೂ ನನಗೂ ಬೆಚ್ಚಗಿರಲು ಏನಾದರೂ ಬೇಕೇ ಬೇಕು. ಹಳೆಯ ಅಗ್ಗಿಷ್ಟಿಕೆಯ ಹೊಗೆ ಬೇಡ ಎಂದು ಅಣ್ಣ ಮಾದಮ್ಮನಿಗೆ ಹೇಳಿ ಕಳಿಸಿದ.

ಅವರು ಬಂದು ಹೊರಗಿನಿಂದಲೇ ಕೋಣೆಯ ಗೋಡೆಯ ಉದ್ದಕ್ಕೂ ಕೈಯಾಡಿಸಿಕೊಂಡು ಹೋದರು. ನಾನು ತುಂಬು ಹೊಟ್ಟೆ ಹೊತ್ತು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದೆ.

"ಟೀಚ್ರವ್ವ, ಇಲ್ಲಿ ಗೋಡೆ ಒಡುದು ಒಲೆ ಕೂರುಸ್ತೀನಿ. ಬಾಯಿ ಇತ್ಲಿಗೆ, ಒಟ್ಟೆ ಕೋಣೆ ಒಳೀಕೆ. ಸೌದೆ ಇಲ್ಲಿಂದ ಇಕ್ತೀರಿ, ಒಗೆ ಇಲ್ಲೇ ಮ್ಯಾಕೋಯ್ತದೆ. ಒಳಗೆ ಬರೀ ಬಿಸಿ ಗೋಡೆ. ಬೂದಿನೂ ಬರಕಿಲ್ಲ, ಕಿಡಿನೂ ಬರಕಿಲ್ಲ. ಎಲ್ಡು ಕೊಂಟು ಸೌದೆಲಿ ಮಧ್ಯಾನ್ದಗಂಟ ಬೆಚ್ಚಗಿರ್ತದೆ."

ಕೇಳಿದ ಕೂಡಲೇ ನನಗೆ ಅದು ಸರಿಯೆನಿಸಿತು. ಬೆಂಕಿ ಹೊರಗೆ, ಶಾಖ ಒಳಗೆ. ಇದಕ್ಕಿಂತ ಕ್ಷೇಮದ ಒಲೆಯನ್ನು ಯಾವ ಪುಸ್ತಕವೂ ಹೇಳಿರಲಾರದು.

"ಎಷ್ಟು ದಿನ ಆಗುತ್ತೆ?" ಎಂದೆ.

"ಮೂರ್ ದಿನ. ಒಳಗ್ಲ ಗೋಡೆ ಕಟ್ಟಕೆ ನಾ ಒಳಗಿರ್ಬೇಕು. ಮೊದಲ್ನೇ ಬೆಂಕಿಗೆ ಗೋಡೆ ಬಿರುಕು ಬುಟ್ಟದಾ ಅಂತ ಒಳಗೇ ಕೂತು ನೋಡ್ಬೇಕು. ಅದು ನೋಡ್ದೆ ಬಾಣ್ತಿ ಮನಗುಸ್ಬಾರ್ದು."

ನನ್ನ ಹಿಂದೆ ಅಮ್ಮ ನಿಂತಿದ್ದಳು. ಅವಳ ಕೈ ನನ್ನ ಕುರ್ಚಿಯ ಬೆನ್ನಿನ ಮೇಲೆ ಬಿಗಿಯಾದದ್ದು ಗೊತ್ತಾಯಿತು. ಬಾಣಂತಿ ಕೋಣೆಗೆ ಹೋಗಬೇಕಾದರೆ ನಡುಮನೆ ದಾಟಬೇಕು, ದೇವರ ಗೂಡಿನ ಮುಂದೆ ಹಾಯಬೇಕು. ನಾನು ಆ ಕ್ಷಣದಲ್ಲಿ ಬಾಯಿಬಿಟ್ಟು ಹೇಳಿದ ಮಾತು ಇದು: "ಬೇಡ ಮಾದಮ್ಮ, ಮಂಡ್ಯದಲ್ಲಿ ಕಬ್ಬಿಣದ ಒಲೆಗೆ ಆಗಲೇ ಹೇಳಿಬಿಟ್ಟಿದೀವಿ."

ಯಾರಿಗೂ ಹೇಳಿರಲಿಲ್ಲ. ಮರುದಿನ ಅಣ್ಣನನ್ನು ಕಳಿಸಿ ತರಿಸಿದೆ. ಯಾವ ಒಲೆ ಕಡಿಮೆ ಸೌದೆ ತಿನ್ನುತ್ತದೆ, ಯಾವುದರ ತಗಡು ದಪ್ಪ, ಯಾವುದರ ಬಾಗಿಲು ಬಿಗಿ ಎಂದು ಫೋನಿನಲ್ಲಿ ಚಿತ್ರ ನೋಡಿ ಆರಿಸಿದೆ. ಅದರ ಹೊಗೆಕೊಳವೆಗೆ ಗೋಡೆಯಲ್ಲಿ ತೂತು ಕೊರೆಯಬೇಕಿತ್ತು. "ಹೊಸ ಬಣ್ಣ, ಆಮೇಲೆ ಕೊರೆಸೋಣ, ಅಲ್ಲೀಗಂಟ ಸೌದೆ ಬ್ಯಾಡ, ಇದ್ದಿಲು ಹಾಕ್ಕಳಿ, ಹೊಗೇನೇ ಬರಲ್ಲ" ಎಂದ ಅಣ್ಣ. ನಾನು ಒಪ್ಪಿದೆ. ತೆಂಗಿನ ಚಿಪ್ಪಿನ ಇದ್ದಿಲು, ಕೆಂಪಗೆ ನಿಗಿನಿಗಿ, ಹೊಗೆಯೂ ಇಲ್ಲ ವಾಸನೆಯೂ ಇಲ್ಲ. ಎಂಟನೆಯ ತರಗತಿಗೆ ದಹನದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತಿದ್ದೆ: ಗಾಳಿ ಸಾಲದೆ ಉರಿದಾಗ ಹುಟ್ಟುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ನಾನು ಸರಿ ಗುರುತು ಹಾಕುತ್ತಿದ್ದೆ.

ಹೆರಿಗೆಯಾಗಿ ಹೆಣ್ಣು ಕೂಸಿನೊಂದಿಗೆ ಮನೆಗೆ ಬಂದೆ. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ನೀರೊಲೆಯ ಒಂದು ಕಡೆ ಕುಸಿದಿದೆಯೆಂದು ಮಾದಮ್ಮ ಸರಿಮಾಡಲು ಬಂದಿದ್ದರು. ಕೋಣೆಯ ಕಿಟಕಿಯ ಸಂದಿಗೆಲ್ಲ ಅಮ್ಮ ಹಳೆ ಸೀರೆ ತುರುಕಿದ್ದುದನ್ನು ಹೊರಗಿನಿಂದ ನೋಡಿ ಕಿಟಕಿಯ ಹತ್ತಿರ ಬಂದರು.

"ಒಳಗೆ ಏನ್ ಉರುಸ್ತಿದೀರಿ ಟೀಚ್ರವ್ವ?"

"ಇದ್ದಿಲು. ಹೊಗೆ ಇಲ್ಲ ಕಣಮ್ಮ."

"ಒಗೆ ಕಂಡ್ರೆ ಎದ್ದೋಡ್ಬೋದು. ಕಾಣ್ದೆ ಇರೋದ ಬುಟ್ಟು ಎಲ್ಲಿಗೋಡೀರಿ? ರೇಸ್ಮೆ ಹುಳದ ಮನೇಲಿ ಇದ್ಲು ಇಕ್ಕುದ್ರೆ ನಿಮ್ಮಣ್ಣಾರು ಮ್ಯಾಗ್ಲ ಕಿಟ್ಕಿ ತಗ್ದಿರ್ತಾರೆ. ಹುಳಕ್ಕೆ ಗಾಳಿ ಬುಡ್ತೀರಿ, ಕೂಸಿಗೆ ಬುಡದಿಲ್ವ?"

ಅಮ್ಮ ಅಡುಗೆಮನೆಯಿಂದಲೇ, "ಶೀತ ಆಯ್ತದೆ, ನಿನ್ ಕೆಲ್ಸ ನೋಡ್ಕೊ ಮಾದಿ" ಎಂದಳು. ಅವರು ಹೋಗಿ ಮಣ್ಣು ತುಳಿಯತೊಡಗಿದರು. ನಾನು ಆ ಮಾತನ್ನು ಕೇಳಿಸಿಕೊಂಡಿದ್ದೆ, ಅದು ಸರಿಯೆಂದೂ ಗೊತ್ತಿತ್ತು. ಎದ್ದು ಒಂದು ಸೀರೆ ಎಳೆದುಹಾಕಿದ್ದರೆ ಮುಗಿಯುತ್ತಿತ್ತು. ಎಣ್ಣೆನೀರು ಹಾಕಿಸಿಕೊಂಡ ಮೈ ಭಾರವಾಗಿತ್ತು. ಮಲಗಿದೆ.

ಅಮ್ಮ ಮೂರು ಮನೆಯಾಚೆ ಹಾಲು ತರಲು ಹೋದಳು. ಅಣ್ಣ ಗದ್ದೆಗೆ ಹೋಗಿದ್ದ. ಬೆಳಗಿನ ಹತ್ತು ಗಂಟೆ ಇರಬೇಕು. ತಲೆ ಸಿಡಿಯತೊಡಗಿದಾಗ ಎಣ್ಣೆನೀರಿನದ್ದೆಂದು ಸುಮ್ಮನಾದೆ. ಹಿತ್ತಲಿನಿಂದ ಮಾದಮ್ಮ "ಒಂದ್ ಬಿಂದ್ಗೆ ನೀರ್ ಬೇಕಾಗಿತ್ತು" ಎಂದು ಕೂಗಿದ್ದು ಕೇಳಿಸಿತು. "ಬಂದೆ" ಎಂದೆನಂತೆ. ಏಳಲು ಹೋದರೆ ಕಾಲು ನನ್ನದಾಗಿರಲಿಲ್ಲ. ಕೂಸಿನ ಕಡೆ ಕೈ ಚಾಚಿದ್ದು ನೆನಪಿದೆ. ಮುಂದಿನದು ನೆನಪಿಲ್ಲ.

ನಂತರದ್ದು ಮಾದಮ್ಮನೇ ಒಮ್ಮೆ, ಬಹಳ ವರ್ಷಗಳಾದ ಮೇಲೆ, ನನಗೆ ಹೇಳಿದ್ದು. ಬಂದೆ ಎಂದವಳು ಬರಲಿಲ್ಲ. ಎರಡನೆಯ ಸಲ ಕೂಗಿದರು. ಮೂರನೆಯ ಸಲ ಕಿಟಕಿ ಬಡಿದರು. ಕೂಸೂ ಅಳಲಿಲ್ಲ. "ಬಡುದ್ ಸದ್ದಿಗೆ ಕೂಸು ಬೆಚ್ಚಿ ಅಳ್ಬೇಕಲ್ವ, ಅದೇ ನಂಗೆ ದಿಗ್ಲಾಯ್ತು" ಎಂದರು. ಹಿತ್ತಲ ಬಾಗಿಲು ದಾಟಿ, ಅಡುಗೆಮನೆ ದಾಟಿ, ನಡುಮನೆ ದಾಟಿ ಬಂದು ಬಾಗಿಲು ನೂಕಿದರು. ಮೊದಲು ಕೂಸನ್ನು ತಂದು ತೆಂಗಿನ ಮರದ ಬುಡದಲ್ಲಿ ಗೋಣಿಚೀಲದ ಮೇಲೆ ಮಲಗಿಸಿ, ಮತ್ತೆ ಬಂದು ನನ್ನ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋದರು. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಮೊರದಿಂದ ಕೂಸಿಗೆ ಗಾಳಿ ಹಾಕುತ್ತಿದ್ದ ಅವರ ಬೆನ್ನು. ಕೂಸು ಕ್ಷೀಣವಾಗಿ ಅತ್ತಿತು. ಅವರು ಮೊರ ಕೆಳಗಿಟ್ಟು ಕೂತಲ್ಲೇ ಮುಖ ಮುಚ್ಚಿಕೊಂಡರು.

ಅಮ್ಮ ಹಾಲಿನ ಚೊಂಬು ಬಿಸಾಕಿ ಓಡಿಬಂದಳು. ಅಣ್ಣನಿಗೆ ಫೋನು ಹೋಯಿತು, ಅವನು ಕಾರು ತಂದ, ಮಂಡ್ಯದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. "ಇನ್ನು ಸ್ವಲ್ಪ ಹೊತ್ತು ಒಳಗಿದ್ದಿದ್ರೆ ಇಬ್ಬರೂ ಉಳೀತಿರ್ಲಿಲ್ಲ" ಎಂದರು ಡಾಕ್ಟರು. "ಯಾರು ಎತ್ತಿದ್ದು?" ಎಂದು ಕೇಳಿದರು. ಅಮ್ಮ, "ಇವಳ ಅಣ್ಣ" ಎಂದಳು. ನಾನು ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದೆ. ಅಣ್ಣ ಕಿಟಕಿಯ ಕಡೆ ತಿರುಗಿದ.

ಮನೆಗೆ ಬಂದ ದಿನ ನನ್ನನ್ನು ಜಗಲಿಯಲ್ಲಿ ಕೂರಿಸಿ ಅಮ್ಮ ಹಿತ್ತಲ ಬಾಗಿಲಿನಿಂದ ಬಾಣಂತಿ ಕೋಣೆಯವರೆಗೆ ಅರಿಶಿನ ನೀರು ಹಾಕಿ ತೊಳೆದಳು. ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಕೈಯ ಐದೂ ಬೆರಳು ಒಣಗಿ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದಳು. ಮಗಳು, ಮೊಮ್ಮಗಳು ಉಳಿದರೆಂದು ತೊಳೆಯುತ್ತಲೇ ಅಳುತ್ತಿದ್ದಳು. ಅವಳ ಅಳು ಸುಳ್ಳಲ್ಲ. ನಾನು ಕೂಸಿಗೆ ಹಾಲು ಕೊಡುತ್ತ ನೋಡಿದೆ. "ಬಿಡಮ್ಮ" ಎಂಬ ಒಂದು ಮಾತು ಸಾಕಾಗಿತ್ತು.

ಗೋಡೆಗೆ ತೂತು ಬಿತ್ತು, ಕಬ್ಬಿಣದ ಒಲೆಗೆ ಕೊಳವೆ ಬಂತು. ಊರಿಗೆಲ್ಲ ಅಣ್ಣನ ಕಥೆ ಹರಡಿತು. ನಾಮಕರಣಕ್ಕೆ ನನ್ನ ಅತ್ತೆಯ ಕಡೆಯವರು ಮಳವಳ್ಳಿಯಿಂದ ಬಂದರು. ಊಟದ ನಂತರ ಅತ್ತೆ ಹಿತ್ತಲಿಗೆ ಕೈ ತೊಳೆಯಲು ಬಂದಾಗ ನಾನೂ ಜೊತೆಗಿದ್ದೆ. ಮಾದಮ್ಮ ಬಚ್ಚಲುಮನೆಯ ಗೋಡೆಗೆ ಒರಗಿ ಎಲೆಯಲ್ಲಿ ಊಟ ಮಾಡುತ್ತಿದ್ದರು.

"ಶಿವಣ್ಣ ಸರಿಯಾದ್ ಹೊತ್ತಿಗೆ ಬಂದನಂತಲ್ಲವ್ವ" ಎಂದರು ಅತ್ತೆ.

"ಹೌದತ್ತೆ. ಅಣ್ಣ ಇಲ್ದಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ" ಎಂದೆ.

ಹೇಳಿ ಮುಗಿಸಿದ ಮೇಲೆ ಮಾದಮ್ಮನ ಕಡೆ ನೋಡಿದೆ. ಅವರ ತುತ್ತು ಕೈಯಲ್ಲೇ ನಿಂತಿತ್ತು. ನನ್ನ ಮುಖದಲ್ಲಿ ಏನು ಕಂಡರೋ, ಅತ್ತೆಗೆ ಹೇಳಿದರು: "ಊಂ ಕಣ್ರವ್ವ. ನಾ ಇಲ್ಲೇ ಮಣ್ಣು ತುಳೀತಿದ್ದೆ. ಅಣ್ಣಾರು ಓಡ್ಬಂದು ಎತ್ಕಂಡೋದ್ರು. ನಾನೇ ಕಣ್ಣಾರೆ ನೋಡ್ದೆ."

ಆಮೇಲೆ ತುತ್ತನ್ನು ಬಾಯಿಗಿಟ್ಟುಕೊಂಡರು.

ಹನ್ನೆರಡು ವರ್ಷ ಕಳೆಯಿತು. ನಾವು ಮದ್ದೂರಿನಲ್ಲಿ ಮನೆ ಕಟ್ಟಿದೆವು. ಸೋಲಾರು ಇದ್ದರೂ ಮಳೆಗಾಲಕ್ಕೆ ನೀರೊಲೆ ಇರಲಿ ಎಂದು ಮಾದಮ್ಮನನ್ನು ಕರೆಸಿದೆ. ನಿಜವಾಗಿ ಒಲೆ ಒಂದು ನೆಪ. ಅವರು ಬಸ್ಸಿನಲ್ಲಿ ತಮ್ಮ ಜರಡಿ ಕಂಕುಳಲ್ಲಿಟ್ಟುಕೊಂಡು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುಂಬಾಗಿಲಿನಿಂದ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ನಾನು ಏನೋ ದೊಡ್ಡದು ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನ್ನೊಳಗೆ ಇದ್ದುದನ್ನು ಮುಚ್ಚಿಡುವುದಿಲ್ಲ. ಅವರು ಸಹಜವಾಗಿ ಕುಡಿದು, "ಸಕ್ರೆ ಜಾಸ್ತಿ ಆಗದೆ" ಎಂದರು. ಅವತ್ತೇ, ನಾನು ಕೇಳಿದ ಮೇಲೆ, ಕಿಟಕಿ ಬಡಿದದ್ದನ್ನೆಲ್ಲ ಹೇಳಿದರು.

ಕೇಳಿ ಮುಗಿದ ಮೇಲೆ ನಾನು, "ಅವತ್ತು ನಾನು ಸುಳ್ಳು ಹೇಳಿದೆ ಮಾದಮ್ಮ. ನನ್ನನ್ನ ಕ್ಷಮಿಸಿ" ಎಂದೆ.

ಅವರು ಲೋಟ ಕೆಳಗಿಟ್ಟರು. "ನೀವು ಸುಳ್ಳು ಏಳಿದ್ದು ನಂಗಲ್ವಲ್ಲ ಟೀಚ್ರವ್ವ. ನಂಗೆ ನಿಜ ಗೊತ್ತಿತ್ತು. ಯಾರ್ಗೆ ಏಳಿದ್ರೋ ಅವರ್ಗೆ ಏಳಿ."

"ಹೇಳ್ತೀನಿ" ಎಂದೆ.

"ಊಂ" ಎಂದು ಎದ್ದು, ಬಚ್ಚಲುಮನೆ ಎಲ್ಲಿ ಎಂದು ಕೇಳಿದರು. ಮೂರು ದಿನ ನಮ್ಮ ಮನೆಯಲ್ಲೇ ಇದ್ದು ಒಲೆ ಮುಗಿಸಿದರು. ಮಗಳು ಇಂಚರ ಅವರ ಪಕ್ಕದಲ್ಲೇ ಕೂತು ಹುತ್ತದ ಮಣ್ಣು ಜರಡಿ ಹಿಡಿದಳು. ಅವಳಿಗೂ ನಾನು ಹೇಳಲಿಲ್ಲ. ಅಮ್ಮನಿಗೆ ವಯಸ್ಸಾಗಿದೆ, ಅಣ್ಣನಿಗೆ ಮುಜುಗರವಾಗುತ್ತದೆ, ಅತ್ತೆ ಏನೆಂದುಕೊಳ್ಳುತ್ತಾರೋ ಎಂದು ದಿನ ದೂಡಿದೆ. ಬಸ್ಸು ಹತ್ತಿಸುವಾಗ ಅವರು ಮತ್ತೆ ಆ ಮಾತು ಎತ್ತಲಿಲ್ಲ. "ಒಂದ್ ವಾರ ಸಣ್ ಬೆಂಕಿ ಮಾಡಿ, ದಿಢೀರ್ ಅಂತ ಉರುಸ್ಬ್ಯಾಡಿ" ಎಂದಷ್ಟೇ ಹೇಳಿದರು.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಣ್ಣು ಮಾಡಿ ಒಂದು ತಿಂಗಳಾದ ಮೇಲೆ, ಮಾತಿನ ನಡುವೆ, ಅಣ್ಣನ ಬಾಯಿಂದ. ಮಗಳೊಂದಿಗೆ ತವರಿಗೆ ಹೋಗಿದ್ದೆ. ಅಂದು ಮಧ್ಯಾಹ್ನ ಪಕ್ಕದೂರಿನ ನೆಂಟರು ಬಂದಿದ್ದರು. ಅಮ್ಮ ಇಂಚರಳ ತಲೆ ನೇವರಿಸುತ್ತ, "ಇವಳ ಮಾವ ಅವತ್ತು ಬರ್ದೆ ಇದ್ದಿದ್ರೆ" ಎಂದು ಶುರುಮಾಡಿದಳು.

"ಅಣ್ಣ ಬರಲಿಲ್ಲಮ್ಮ. ಮಾದಮ್ಮ ಬಂದರು" ಎಂದೆ.

ನಾನು ಎಲ್ಲವನ್ನೂ ಹೇಳಿದೆ, ತೊಳೆದದ್ದನ್ನೂ ಬಿಡದೆ. ಅಮ್ಮ, "ಈಗ್ಯಾಕೆ ಅದೆಲ್ಲ" ಎಂದು ಎದ್ದು ಒಳಗೆ ಹೋದಳು. ಅಣ್ಣ ತಲೆ ತಗ್ಗಿಸಿ, "ನನ್ಗೂ ಇಷ್ಟ್ ವರ್ಷ ಗಂಟ್ಲಲ್ಲೇ ಇತ್ತು ಕಣಮ್ಮ" ಎಂದ. ಇಂಚರ ನನ್ನ ಮುಖವನ್ನೇ ನೋಡುತ್ತಿದ್ದಳು. "ಅವರು ನಮ್ಮನೇಲಿ ಮೂರು ದಿನ ಇದ್ರಲ್ಲಮ್ಮ. ಆಗ ಯಾಕೆ ಹೇಳಲಿಲ್ಲ?" ಎಂದಳು.

ಸಂಜೆ ನಾನೂ ಇಂಚರಳೂ ಮಾದಮ್ಮನ ಮನೆಗೆ ಹೋದೆವು. ಆ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವರ ಮಗ ಸಿದ್ದರಾಜು ಮಂಡ್ಯದಲ್ಲಿ ಕಾಲೇಜೊಂದರ ಗುಮಾಸ್ತ. ಆಗಷ್ಟೇ ಕೆಲಸದಿಂದ ಬಂದಿದ್ದ. ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದ. ಗೋಡೆಯ ಮೇಲೆ ಮಾದಮ್ಮನ ಫೋಟೋ ಇತ್ತು.

"ನಿಮ್ಮವ್ವ ನಮ್ಮಿಬ್ಬರ ಜೀವ ಉಳಿಸಿದ್ದಕ್ಕೆ ನಾನು ಒಂದು ಸಲಾನೂ ಊರೆದುರು ಅವರ ಹೆಸರು ಹೇಳಲಿಲ್ಲ. ಅದನ್ನ ಹೇಳೋಕೆ ಬಂದೆ" ಎಂದೆ.

ಸಿದ್ದರಾಜು ಅರ್ಥವಾಗದೆ ನನ್ನನ್ನು ನೋಡಿದ. "ಏನ್ ಜೀವ ಮೇಡಂ? ಆ ಇದ್ಲು ಒಲೆ ದಿನವಾ? ಅದು ನಿಮ್ಮಣ್ಣಾರಲ್ವಾ? ಅವ್ವ ನಮ್ಗೂ ಅಂಗೇ ಏಳಿದ್ಲು."

ಅತ್ತೆಯೆದುರು ಹೇಳಿದ ಮಾತನ್ನು ಮಾದಮ್ಮ ತಮ್ಮ ಮನೆಯೊಳಗೂ ಮುರಿದಿರಲಿಲ್ಲ. ತಡವರಿಸುತ್ತ ಮೊದಲಿನಿಂದ ಹೇಳಿದೆ. ಮುಗಿದ ಮೇಲೆ ಅವನು ಫೋಟೋದ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ನಿಧಾನವಾಗಿ ಹೇಳಿದ:

"ಅವ್ವ ಇದ್ದಾಗ ಬಂದು ಏಳಿದ್ರೆ, ನೀವು ಏಳ್ತಾ ಇರೋವಾಗ ನಾನು ಅವಳ ಮೊಕ ನೋಡ್ಬೋದಾಗಿತ್ತು ಮೇಡಂ."